ಕಿರುತೆರೆಯ ದೈವವಾಣಿ: ನಿರೀಶ್ವರವಾದಿಯೊಬ್ಬನ ಲೆಕ್ಕಾಚಾರ



ನಾನು ದೇವರನ್ನು ನಂಬದವನು. ಆದರೆ ದೇವರಿದ್ದಾನೆಯೇ ಇಲ್ಲವೇ ಎಂಬ ವಾದಕ್ಕೆ ಇಂದು ನಾನು ಕೈಹಾಕುವುದಿಲ್ಲ. ಅಮೆರಿಕದ ದೂರದರ್ಶನ ಧರ್ಮಪ್ರಚಾರಕರನ್ನೂ ಅಲ್ಲಿನ ಮೆಗಾಚರ್ಚುಗಳನ್ನೂ ಕುರಿತು ವಿಚಾರ ಮಾಡುವಾಗ ಆ ಪ್ರಶ್ನೆ ಎರಡನೆಯದು. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ: ಹಣ ಯಾರಿಂದ ಬಂತು, ಯಾವ ಭರವಸೆಯ ಮೇಲೆ ಬಂತು, ಅದರ ಲೆಕ್ಕವನ್ನು ಯಾರಿಗೆ ಒಪ್ಪಿಸಲಾಯಿತು?

ಮೊದಮೊದಲು ಅಲ್ಲಿನ ಪ್ರಸಾರ ಕೇಂದ್ರಗಳು ಸಾರ್ವಜನಿಕ ಹಿತದ ಹೆಸರಿನಲ್ಲಿ ಪ್ರಮುಖ ಪಂಥಗಳಿಗೆ ಉಚಿತವಾಗಿ ಸಮಯ ನೀಡುತ್ತಿದ್ದವು. 1960ರಲ್ಲಿ ಪ್ರಸಾರ ನಿಯಂತ್ರಣ ಆಯೋಗವು, ಹಣ ಪಡೆದು ಬಿತ್ತರಿಸಿದ ಧಾರ್ಮಿಕ ಕಾರ್ಯಕ್ರಮವೂ ಸಾರ್ವಜನಿಕ ಹಿತದ ಲೆಕ್ಕಕ್ಕೆ ಸೇರಬಹುದೆಂದಿತು. ಅಲ್ಲಿಂದ ಮುಂದೆ ಸಮಯವನ್ನು ಕೊಳ್ಳಬಲ್ಲವರ ದನಿಯೇ ಮೇಲಾಯಿತು. ಕೊಳ್ಳಲು ಹಣ ಬೇಕು. ಹಣವನ್ನು ತೆರೆಯ ಮೇಲಿನಿಂದಲೇ ಬೇಡಬೇಕು. ಪ್ರವಚನದ ಧಾಟಿ ಬದಲಾದುದರಲ್ಲಿ ಈ ಅನಿವಾರ್ಯತೆಯ ಪಾಲು ದೊಡ್ಡದು.

ಓರಲ್ ರಾಬರ್ಟ್ಸ್ ಅವರು ಪ್ರಚುರಪಡಿಸಿದ ತತ್ತ್ವವನ್ನೇ ನೋಡಿ. ಕೊಟ್ಟ ಕಾಣಿಕೆ ಬಿತ್ತಿದ ಬೀಜವಿದ್ದಂತೆ. ದೇವರು ಅದನ್ನು ಹಲವು ಪಟ್ಟು ಬೆಳೆಸಿ ಹಿಂದಿರುಗಿಸುತ್ತಾನೆ. ಬೆಳೆ ಬಾರದೆ ಹೋದರೆ? ಬಿತ್ತಿದವನ ಶ್ರದ್ಧೆ ಸಾಲದೆಂದಾಗುತ್ತದೆ. ಒಂದು ಪಕ್ಷ ಎಂದಿಗೂ ತಪ್ಪಿತಸ್ಥನಾಗದ ಇಂಥ ಕರಾರಿಗೆ ಯಾವ ಕಚೇರಿಯೂ ಸಹಿ ಹಾಕಲಾರದು. 1987ರಲ್ಲಿ ರಾಬರ್ಟ್ಸ್, 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತಮ್ಮನ್ನು ಕರೆಸಿಕೊಳ್ಳುವನೆಂದು ಸಾರಿದರು. ಹಣ ಕೂಡಿತು. ಅವರು 2009ರವರೆಗೆ ಬದುಕಿದರು.

ಇವರ ಬಣ್ಣ ಬಯಲು ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಪವಾಡಗಳನ್ನು ಪರೀಕ್ಷೆಗೊಡ್ಡಬೇಕೆಂಬ ಮಾತು ಕನ್ನಡಿಗರಿಗೆ ಹೊಸತೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿಯೇ ಅದಕ್ಕೊಂದು ಸಮಿತಿ ರಚಿಸಿದ್ದರು. ಹತ್ತು ವರ್ಷಗಳ ಅನಂತರ ಜಾದೂಗಾರ ಜೇಮ್ಸ್ ರ್‍ಯಾಂಡಿ ಅಮೆರಿಕದಲ್ಲಿ ಪೀಟರ್ ಪಾಪಾಫ್ ಎಂಬ ರೋಗಹರ ಪ್ರಚಾರಕರ ಗುಟ್ಟನ್ನು ಹಿಡಿದರು. ರೋಗಿಗಳ ಹೆಸರು, ವಿಳಾಸ, ಕಾಯಿಲೆಗಳನ್ನು ದೇವರೇ ತಿಳಿಸುತ್ತಾನೆಂದು ಪಾಪಾಫ್ ಹೇಳುತ್ತಿದ್ದರು. ಅವೆಲ್ಲ ಅವರ ಕಿವಿಯಲ್ಲಿದ್ದ ಪುಟ್ಟ ರೇಡಿಯೋಗೆ ಪತ್ನಿಯಿಂದ ಬರುತ್ತಿದ್ದವು. 1987ರಲ್ಲಿ ಅವರು ದಿವಾಳಿ ಘೋಷಿಸಿದರು. ಆದರೆ ಕೆಲವು ವರ್ಷಗಳಲ್ಲಿ ಮತ್ತೆ ತೆರೆಯ ಮೇಲೆ ಬಂದು, ‘ಪವಾಡದ ಚಿಲುಮೆ ನೀರ’ನ್ನು ಉಚಿತವಾಗಿ ಕಳುಹಿಸಿ, ಬೆನ್ನಿಗೇ ಹಣ ಬೇಡುವ ಪತ್ರಗಳನ್ನು ಬರೆಯತೊಡಗಿದರು.

ಜಿಮ್ ಬೇಕರ್ ಅವರದೂ ಇದೇ ಕಥೆ. ಸಾವಿರ ಡಾಲರ್ ಕೊಟ್ಟವರಿಗೆ ತಮ್ಮ ವಿಹಾರಧಾಮದಲ್ಲಿ ವರ್ಷಕ್ಕೆ ಮೂರು ರಾತ್ರಿ ಜೀವನಪರ್ಯಂತ ವಸತಿ ಎಂದು ವಾಗ್ದಾನ ಮಾಡಿ, ಇದ್ದ ಕೋಣೆಗಳಿಗೆ ಮೀರಿದಷ್ಟು ಸದಸ್ಯತ್ವವನ್ನು ಮಾರಿದರು. 1989ರಲ್ಲಿ ವಂಚನೆಯ ಅಪರಾಧಕ್ಕಾಗಿ ನ್ಯಾಯಾಲಯ 45 ವರ್ಷಗಳ ಶಿಕ್ಷೆ ವಿಧಿಸಿತು. ಅನಂತರ ಅದು ಕಡಿಮೆಯಾಗಿ 1994ರಲ್ಲಿ ಬಿಡುಗಡೆಯಾದರು. ಅವರೂ ಮತ್ತೆ ದೂರದರ್ಶನಕ್ಕೆ ಮರಳಿದರು.

ಸುಳ್ಳು ಬಯಲಾದ ಮೇಲೂ ಶ್ರೋತೃಗಳು ಏಕೆ ಉಳಿಯುತ್ತಾರೆ? ಅವರನ್ನು ಮೂರ್ಖರೆಂದು ನಕ್ಕು ಮುಂದೆ ಹೋಗುವ ವಿಚಾರವಾದಿಗಳೊಡನೆ ನನಗೆ ಸಹಮತವಿಲ್ಲ. ಹ್ಯೂಸ್ಟನ್ ನಗರದ ಲೇಕ್‌ವುಡ್ ಚರ್ಚು 2005ರಿಂದ ನಡೆಯುತ್ತಿರುವುದು ಹಿಂದೆ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವಾಗಿದ್ದ, ಸುಮಾರು 16,000 ಆಸನಗಳ ಕಟ್ಟಡದಲ್ಲಿ. ಅಲ್ಲಿನ ಜೋಯೆಲ್ ಆಸ್ಟೀನ್ ಅವರ ಬೋಧನೆಯಲ್ಲಿ ನರಕದ ಬೆದರಿಕೆಗಿಂತ ನಾಳೆಯ ಭರವಸೆಯೇ ಹೆಚ್ಚು. ಕೆಲಸ ಕಳೆದುಕೊಂಡವನಿಗೆ, ಆಸ್ಪತ್ರೆಯ ಸಾಲದಲ್ಲಿ ಮುಳುಗಿದವಳಿಗೆ, ಮಕ್ಕಳು ದೂರವಾದ ವೃದ್ಧರಿಗೆ ಹಾಡು ಬೇಕು, ಪಕ್ಕದಲ್ಲೊಬ್ಬರು ಬೇಕು, ಹೆಸರು ಹಿಡಿದು ಕರೆಯುವವರು ಬೇಕು. ನಾವು ನಂಬದವರು ಅವರಿಗೆ ಕೊಟ್ಟಿರುವುದು ಹೆಚ್ಚೆಂದರೆ ಒಂದು ಪುಸ್ತಕ. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡ ನಮಗೆ ಆ ಹಸಿವು ಅರ್ಥವಾಗದಿರಲು ಸಾಧ್ಯವಿಲ್ಲ.

ಆದುದರಿಂದಲೇ ಲೆಕ್ಕಪತ್ರದ ಪ್ರಶ್ನೆ ನನಗೆ ಮುಖ್ಯ. ಅಮೆರಿಕದಲ್ಲಿ ಇತರ ಧರ್ಮಾರ್ಥ ಸಂಸ್ಥೆಗಳು ಸಾಮಾನ್ಯವಾಗಿ ತೆರಿಗೆ ಇಲಾಖೆಗೆ ಸಲ್ಲಿಸಬೇಕಾದ ವಾರ್ಷಿಕ ವಿವರವನ್ನು ಚರ್ಚುಗಳು ಸಲ್ಲಿಸಬೇಕಾಗಿಲ್ಲ. 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ದೂರದರ್ಶನ ಪ್ರಚಾರಕ ಸಂಸ್ಥೆಗಳ ವೆಚ್ಚಗಳ ಬಗೆಗೆ ವಿವರ ಕೇಳಿದರು. ಹೆಚ್ಚಿನವು ಪೂರ್ಣ ಮಾಹಿತಿ ಕೊಡಲಿಲ್ಲ. 2011ರಲ್ಲಿ ಯಾರ ಮೇಲೂ ಕ್ರಮವಿಲ್ಲದೆ ವಿಚಾರಣೆ ಮುಗಿಯಿತು.

ಲೆಕ್ಕ ಕೇಳುವುದು ಧರ್ಮದ್ವೇಷವೆಂದು ಆಕ್ಷೇಪಿಸುವವರಿಗೆ ಬಿಲ್ಲಿ ಗ್ರಹಾಂ ಅವರೇ ಉತ್ತರ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಅವರೂ ಅವರ ಸಹಚರರೂ ಹಣದ ವಿಷಯದಲ್ಲಿ ಸಂಶಯಕ್ಕೆ ಎಡೆಗೊಡಬಾರದೆಂದು ನಿರ್ಣಯಿಸಿದರು. ಮುಂದೆ ಗ್ರಹಾಂ ತಮ್ಮ ಸಂಸ್ಥೆಯಿಂದ ನಿಗದಿತ ಸಂಬಳ ಪಡೆಯತೊಡಗಿದರು. ಅವರ ದೇವರನ್ನು ನಾನು ಒಪ್ಪಲಾರೆ. ಅವರ ನಿರ್ಣಯವನ್ನು ಒಪ್ಪುತ್ತೇನೆ. ಅವರಿಗೂ ಪಾಪಾಫ್ ಅವರಿಗೂ ನಡುವಿನ ಅಂತರ ನಂಬಿಕೆಯ ಪ್ರಮಾಣದ್ದಲ್ಲ, ಉತ್ತರದಾಯಿತ್ವದ್ದು.

ಭಕ್ತನೊಬ್ಬ ತನ್ನ ಕೊನೆಯ ಹತ್ತು ಡಾಲರ್ ಕೊಡುವುದಾದರೆ ಅದು ಅವನ ಸ್ವಾತಂತ್ರ್ಯ. ಅದು ಎಲ್ಲಿ ಹೋಯಿತೆಂದು ತಿಳಿಯುವುದು ಅವನ ಹಕ್ಕು. ಆ ಹಕ್ಕಿನ ಪರವಾಗಿ ಆಸ್ತಿಕರೂ ನಾಸ್ತಿಕರೂ ಒಂದೇ ಅರ್ಜಿಗೆ ಸಹಿ ಹಾಕಬಹುದು.