ಅವಳಿಗಳು ಕಲಿಸಿದ ಕಸಿವಿಜ್ಞಾನ: ಜೋಸೆಫ್ ಮರ್ರೆ ಅವರ ಕೆಲಸ ಮತ್ತು ಅದರ ಮುಂದುವರಿಕೆ

ಮೂತ್ರಪಿಂಡದ ಕಸಿ ಮತ್ತು ಅವಳಿಗಳ ತಳಿವಿಜ್ಞಾನವನ್ನು ಒಂದೇ ವಿಚಾರ ಸಂಕಿರಣದಲ್ಲಿ ಜೊತೆಗೂಡಿಸಿರುವುದಕ್ಕೆ ಗಟ್ಟಿಯಾದ ಚಾರಿತ್ರಿಕ ಕಾರಣವಿದೆ. ಅಮೆರಿಕದ ಶಸ್ತ್ರವೈದ್ಯ ಜೋಸೆಫ್ ಮರ್ರೆ 1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಒಬ್ಬ ಅವಳಿ ಸೋದರನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದದ್ದು ವೈದ್ಯಕೀಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಸಾಧನೆಯನ್ನು ಅದೃಷ್ಟದಿಂದ ಒದಗಿದ ಒಂದು ಅಡ್ಡದಾರಿಯೆಂದು, ದೇಹದ ಪ್ರತಿರೋಧವನ್ನು ಎದುರಿಸದೆ ಬಳಸಿಕೊಂಡು ಹೋದ ಸಾಹಸವೆಂದು ಕಾಣುವ ವಾಡಿಕೆಯೂ ಜೊತೆಯಲ್ಲೇ ಬೆಳೆದುಬಂದಿದೆ. ಈ ಭಾಷಣದ ಪ್ರತಿಪಾದನೆ ಬೇರೆ. ಕಸಿ ಸಾಧ್ಯವೆಂಬುದನ್ನು ತದ್ರೂಪಿ ಅವಳಿಗಳು ತೋರಿಸಿಕೊಟ್ಟರೆ, ಅದು ಅವಳಿಯಿಲ್ಲದವರಿಗೂ ದಕ್ಕುವ ದಾರಿಯನ್ನು ತದ್ರೂಪಿಗಳಲ್ಲದ ಅವಳಿಗಳು ತೋರಿದವು. ಈ ಎರಡು ಪಾಠಗಳನ್ನು ಒಟ್ಟಿಗೆ ಓದಿದಾಗಲೇ ಮರ್ರೆ ಅವರ ಮುಂದಿನ ವರ್ಷಗಳ ಕೆಲಸ ಪೂರ್ತಿಯಾಗಿ ಅರ್ಥವಾಗುತ್ತದೆ.

ರಕ್ತನಾಳಗಳನ್ನು ಹೊಲಿದು ಜೋಡಿಸುವ ವಿಧಾನ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸಿದ್ಧವಾಗಿತ್ತು. ಅದನ್ನು ರೂಪಿಸಿದ ಅಲೆಕ್ಸಿಸ್ ಕ್ಯಾರೆಲ್ ಅವರಿಗೆ 1912ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಆದರೂ 1933ರಲ್ಲಿ ಉಕ್ರೇನಿನ ಯೂರಿ ವೊರೊನೊಯ್ ಮೃತ ದಾನಿಯೊಬ್ಬರಿಂದ ತೆಗೆದು ಜೋಡಿಸಿದ ಮೂತ್ರಪಿಂಡ ರೋಗಿಯನ್ನು ಉಳಿಸಲಿಲ್ಲ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ತಾಯಿಯ ಮೂತ್ರಪಿಂಡವನ್ನು ಮಗನಿಗೆ ಜೋಡಿಸಿದಾಗ ಅದು ಸುಮಾರು ಮೂರು ವಾರ ಕೆಲಸ ಮಾಡಿ ನಿಂತುಹೋಯಿತು. ಬಾಸ್ಟನ್ನಿನಲ್ಲೇ ಡೇವಿಡ್ ಹ್ಯೂಮ್ ತೊಡೆಯ ಭಾಗದಲ್ಲಿ ಇರಿಸಿದ ಮೂತ್ರಪಿಂಡಗಳಲ್ಲಿ ಒಂದು ಮಾತ್ರ ಕೆಲವು ತಿಂಗಳು ನಡೆಯಿತು. ಹೊಲಿಗೆ ಸರಿಯಿದ್ದರೂ ಅಂಗ ಸಾಯುತ್ತಿದ್ದುದಕ್ಕೆ ಕಾರಣವನ್ನು ಬ್ರಿಟನ್ನಿನ ಪೀಟರ್ ಮೆಡಾವರ್ ಸುಟ್ಟಗಾಯದ ರೋಗಿಗಳ ಚರ್ಮದ ಕಸಿಯಲ್ಲಿ ಕಂಡುಕೊಂಡಿದ್ದರು. ಅದೇ ದಾನಿಯಿಂದ ಎರಡನೆಯ ಬಾರಿ ತಂದ ಚರ್ಮ ಮೊದಲ ಬಾರಿಯದಕ್ಕಿಂತ ಬೇಗನೆ ನಾಶವಾಗುತ್ತಿತ್ತು. ಎಂದರೆ ದೇಹ ಪರಕೀಯ ಅಂಗಾಂಶವನ್ನು ನೆನಪಿಟ್ಟುಕೊಳ್ಳುತ್ತಿತ್ತು, ಸೋಂಕಿನ ವಿರುದ್ಧ ಹೋರಾಡುವ ರೋಗನಿರೋಧಕ ವ್ಯವಸ್ಥೆಯೇ ಕಸಿಯನ್ನೂ ತಿರಸ್ಕರಿಸುತ್ತಿತ್ತು.

ಈ ಹಿನ್ನೆಲೆಯಲ್ಲಿ ಅವಳಿಗಳ ವಿಚಾರ ಬರುತ್ತದೆ. ಒಂದೇ ಫಲಿತ ಅಂಡ ಇಬ್ಭಾಗವಾಗಿ ಹುಟ್ಟುವ ಅವಳಿಗಳಲ್ಲಿ ವಂಶವಾಹಿಗಳು, ಅಂದರೆ ಜೀನುಗಳು, ಮೂಲತಃ ಒಂದೇ ಆಗಿರುವುದರಿಂದ ಅವರನ್ನು ತದ್ರೂಪಿ ಅವಳಿಗಳೆನ್ನುತ್ತಾರೆ. ಎರಡು ಬೇರೆ ಅಂಡಗಳು ಬೇರೆಬೇರೆಯಾಗಿ ಫಲಿತಗೊಂಡು ಒಟ್ಟಿಗೆ ಬೆಳೆದವರು ಸೋದರ ಅವಳಿಗಳು, ತಳಿವಿಜ್ಞಾನದ ದೃಷ್ಟಿಯಿಂದ ಅವರು ಉಳಿದ ಅಣ್ಣತಮ್ಮಂದಿರು ಅಕ್ಕತಂಗಿಯರಿಗಿಂತ ಹೆಚ್ಚು ಹತ್ತಿರದವರಲ್ಲ. ತದ್ರೂಪಿ ಅವಳಿಗಳ ನಡುವೆ ಚರ್ಮದ ಕಸಿ ಶಾಶ್ವತವಾಗಿ ನಿಲ್ಲುತ್ತದೆಯೆಂಬುದನ್ನು ಜೇಮ್ಸ್ ಬ್ಯಾರೆಟ್ ಬ್ರೌನ್ 1937ರಲ್ಲೇ ವರದಿ ಮಾಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಯುವ ಮರ್ರೆ ಈ ವಿಚಾರವನ್ನು ಅದೇ ಬ್ರೌನ್ ಅವರ ಸಹವಾಸದಲ್ಲಿ ಅರಿತರು, ಪ್ಲಾಸ್ಟಿಕ್ ಸರ್ಜನ್ ಒಬ್ಬರು ಮೂತ್ರಪಿಂಡದತ್ತ ಹೊರಳಲು ಅದೇ ಕಾರಣವಾಯಿತು.

1954ರಲ್ಲಿ ತೀವ್ರ ಮೂತ್ರಪಿಂಡದ ಉರಿಯೂತದಿಂದ ಸಾವಿನಂಚಿನಲ್ಲಿದ್ದ ರಿಚರ್ಡ್ ಹೆರಿಕ್ ಮತ್ತು ಅವರ ಅವಳಿ ರೊನಾಲ್ಡ್ ಇಬ್ಬರಿಗೂ 23 ವರ್ಷ. ಅವರು ನೋಡಲು ಒಂದೇ ತೆರನಾಗಿದ್ದರೆಂಬ ಮಾತ್ರಕ್ಕೆ ಜಾನ್ ಮೆರಿಲ್ ಮತ್ತು ಮರ್ರೆ ಅವರ ತಂಡ ಶಸ್ತ್ರಚಿಕಿತ್ಸೆಗೆ ಮುಂದಾಗಲಿಲ್ಲ. ಡಿಎನ್‌ಎ ಪರೀಕ್ಷೆಯಿಲ್ಲದ ಆ ಕಾಲದಲ್ಲಿ ರಕ್ತಗುಂಪುಗಳನ್ನೂ ಉಪಗುಂಪುಗಳನ್ನೂ ಹೋಲಿಸಲಾಯಿತು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವಿನ್ಯಾಸವನ್ನೂ ಕಿವಿಯ ಆಕಾರವನ್ನೂ ನೋಡಲಾಯಿತು, ಬೆರಳಚ್ಚುಗಳ ಹೋಲಿಕೆಗಾಗಿ ಇಬ್ಬರನ್ನೂ ಪೊಲೀಸ್ ಠಾಣೆಗೆ ಕಳುಹಿಸಲಾಯಿತು. ಅಲ್ಲಿಂದಲೇ ಸುದ್ದಿ ಪತ್ರಿಕೆಗಳಿಗೆ ಹೋಯಿತು. ತದ್ರೂಪಿ ಅವಳಿಗಳ ಬೆರಳಚ್ಚು ತೀರಾ ಹತ್ತಿರವಾಗಿದ್ದರೂ ಒಂದೇ ಆಗಿರುವುದಿಲ್ಲವಾದ್ದರಿಂದ ಆ ಹೋಲಿಕೆ ಪೋಷಕ ಸಾಕ್ಷ್ಯ ಮಾತ್ರವಾಗಿತ್ತು. ನಿರ್ಣಾಯಕವಾದದ್ದು ಚರ್ಮದ ವಿನಿಮಯ. ಒಬ್ಬರ ಚರ್ಮದ ತುಣುಕನ್ನು ಇನ್ನೊಬ್ಬರ ಮೇಲೆ ಕೂರಿಸಿ ವಾರಗಟ್ಟಲೆ ಕಾದು ನೋಡಿದಾಗ ಅದು ಉದುರದೆ, ಸುತ್ತಲಿನ ಚರ್ಮದಲ್ಲಿ ಬೆರೆತು ನಿಂತಿತು. ರೋಗಿಯ ಸ್ಥಿತಿ ದಿನದಿಂದ ದಿನಕ್ಕೆ ಕೆಡುತ್ತಿದ್ದಾಗ, ಡಯಾಲಿಸಿಸ್ ಯಂತ್ರದ ಆಸರೆಯಲ್ಲಿ ಅವನನ್ನು ಉಳಿಸಿಕೊಂಡು ಚರ್ಮದ ಉತ್ತರಕ್ಕಾಗಿ ಕಾದ ಆ ತಾಳ್ಮೆಗೆ ಶಸ್ತ್ರಚಿಕಿತ್ಸೆಯ ಕೌಶಲಕ್ಕೆ ಸಲ್ಲುವಷ್ಟೇ ಗೌರವ ಸಲ್ಲಬೇಕು.

ಶಸ್ತ್ರಚಿಕಿತ್ಸೆಯ ದಿನ ಹಾರ್ಟ್‌ವೆಲ್ ಹ್ಯಾರಿಸನ್ ದಾನಿಯ ಎಡ ಮೂತ್ರಪಿಂಡವನ್ನು ತೆಗೆದುಕೊಟ್ಟರು, ಮರ್ರೆ ಅದನ್ನು ರೋಗಿಯ ಬಲಗಡೆಯ ಕಿಬ್ಬೊಟ್ಟೆಯಲ್ಲಿ ಇರಿಸಿ ಅಲ್ಲಿನ ರಕ್ತನಾಳಗಳಿಗೆ ಹೊಲಿದರು, ಮೂತ್ರನಾಳವನ್ನು ನೇರವಾಗಿ ಮೂತ್ರಕೋಶಕ್ಕೆ ಜೋಡಿಸಿದರು. ಈ ಜಾಗ ಸರಿಯಾದದ್ದೆಂಬುದನ್ನು ಅವರು ಮೊದಲೇ ನಾಯಿಗಳಲ್ಲಿ ಅವುಗಳದೇ ಮೂತ್ರಪಿಂಡವನ್ನು ಸ್ಥಳಾಂತರಿಸಿ ಖಚಿತಪಡಿಸಿಕೊಂಡಿದ್ದರು. ಇಂದಿಗೂ ಜಗತ್ತಿನಾದ್ಯಂತ ಕಸಿ ಮೂತ್ರಪಿಂಡಕ್ಕೆ ಅದೇ ಜಾಗ. 82 ನಿಮಿಷ ರಕ್ತವಿಲ್ಲದೆ ಇದ್ದ ಅಂಗಕ್ಕೆ ಮತ್ತೆ ರಕ್ತ ಹರಿದಾಗ ಅದು ಕೆಂಪೇರಿ ಮೂತ್ರವನ್ನು ಉತ್ಪಾದಿಸತೊಡಗಿತು. ರಿಚರ್ಡ್ ಎಂಟು ವರ್ಷ ಬದುಕಿ, ಮದುವೆಯಾಗಿ, ಮಕ್ಕಳನ್ನು ಪಡೆದು 1963ರಲ್ಲಿ ತೀರಿಕೊಂಡರು. ಅವರ ಹಳೆಯ ಕಾಯಿಲೆ ಹೊಸ ಮೂತ್ರಪಿಂಡದಲ್ಲೂ ಮರುಕಳಿಸಿತ್ತು. ಅಂಗಾಂಶವನ್ನು ಒಪ್ಪಿಕೊಳ್ಳುವ ದೇಹ ಕಾಯಿಲೆಯಿಂದ ಮುಕ್ತವಾಗಿರಬೇಕೆಂದಿಲ್ಲ. ತಿರಸ್ಕಾರವೂ ಔಷಧಗಳೂ ಇಲ್ಲದ ಈ ಕಸಿಗಳಲ್ಲೇ ಮೂಲ ಕಾಯಿಲೆಯ ಮರುಕಳಿಕೆಯನ್ನು ಬೇರ್ಪಡಿಸಿ ನೋಡಲು ವೈದ್ಯರಿಗೆ ಸಾಧ್ಯವಾಯಿತು.

ಎರಡನೆಯ ಪಾಠ ಬಂದದ್ದು ದನದ ಕೊಟ್ಟಿಗೆಯಿಂದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ 1945ರಲ್ಲಿ ಅವಳಿ ಕರುಗಳ ರಕ್ತವನ್ನು ಪರೀಕ್ಷಿಸುತ್ತಿದ್ದಾಗ, ಒಂದೇ ಹಸುವಿಗೆ ಎರಡು ಬೇರೆ ತಳಿಯ ಹೋರಿಗಳಿಂದ ಹುಟ್ಟಿದ ಅವಳಿಗಳೂ ಸೇರಿದಂತೆ, ಸೋದರ ಅವಳಿಗಳಲ್ಲಿ ಪ್ರತಿ ಕರುವೂ ತನ್ನ ರಕ್ತಕಣಗಳ ಜೊತೆಗೆ ತನ್ನ ಅವಳಿಯ ರಕ್ತಕಣಗಳನ್ನೂ ಬೆಳೆದ ಮೇಲೂ ಹೊತ್ತಿರುವುದನ್ನು ಕಂಡರು. ಹಸುವಿನ ಗರ್ಭದಲ್ಲಿ ಅವಳಿಗಳ ಮಾಸಿನ ರಕ್ತನಾಳಗಳು ಕೂಡಿಕೊಳ್ಳುವುದರಿಂದ ರಕ್ತ ಉತ್ಪಾದಿಸುವ ಮೂಲಕೋಶಗಳು ಅತ್ತಿತ್ತ ಹರಿದು ನೆಲೆಸಿರುತ್ತವೆ. ಇಂಥ ಮಿಶ್ರಸ್ಥಿತಿಗೆ ಕೈಮೆರಿಸಂ ಎನ್ನುತ್ತಾರೆ. ಮೆಡಾವರ್ ಮತ್ತು ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಕರುಗಳಲ್ಲಿ ತದ್ರೂಪಿ ಯಾವುದು, ಸೋದರ ಯಾವುದು ಎಂದು ಗುರುತಿಸಲು ಚರ್ಮದ ಕಸಿಯನ್ನೇ ಪರೀಕ್ಷೆಯಾಗಿ ಬಳಸಿದಾಗ, ತಿರಸ್ಕರಿಸಬೇಕಾಗಿದ್ದ ಸೋದರ ಅವಳಿಗಳೂ ಒಂದರ ಚರ್ಮವನ್ನು ಇನ್ನೊಂದು ಒಪ್ಪಿಕೊಂಡವು. ಗುರುತಿಸುವ ಪರೀಕ್ಷೆಯಾಗಿ ಆ ಪ್ರಯೋಗ ಸೋತಿತು. ಆದರೆ ರೋಗನಿರೋಧಕ ವ್ಯವಸ್ಥೆ ಬಲಿಯುವ ಮೊದಲೇ ಪರಕೀಯ ಕೋಶಗಳ ಪರಿಚಯವಾದರೆ ದೇಹ ಅವನ್ನು ತನ್ನವೆಂದೇ ಬಗೆಯುತ್ತದೆಯೆಂಬ ಮಹತ್ವದ ಅರಿವು ಅದರಿಂದ ಹೊರಟಿತು. 1953ರಲ್ಲಿ ಮೆಡಾವರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್ ಇದನ್ನು ಇಲಿಗಳಲ್ಲಿ ಸಾಧಿಸಿ ತೋರಿಸಿದರು. ಅರ್ಜಿತ ಸಹಿಷ್ಣುತೆಯೆಂದು ಹೆಸರಾದ ಆ ತತ್ತ್ವಕ್ಕೆ 1960ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಮೆಡಾವರ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಮನುಷ್ಯರಲ್ಲೂ ಇದು ಅಪರೂಪಕ್ಕೆ ನಡೆಯುತ್ತದೆಂಬುದು ಅದೇ 1953ರಲ್ಲಿ ಇಂಗ್ಲೆಂಡಿನ ಮಹಿಳೆಯೊಬ್ಬರು ರಕ್ತದಾನ ಮಾಡಿದಾಗ ಗೊತ್ತಾಯಿತು. ಅವರ ರಕ್ತದಲ್ಲಿ ಎರಡು ಗುಂಪುಗಳ ಕಣಗಳಿದ್ದವು, ಎರಡನೆಯದು ಶೈಶವದಲ್ಲೇ ತೀರಿಕೊಂಡಿದ್ದ ಅವರ ಅವಳಿ ಸೋದರನದು. ಎಡಿನ್‌ಬರೊದ ಶಸ್ತ್ರವೈದ್ಯ ಮೈಕೆಲ್ ವುಡ್ರಫ್ 1959ರಲ್ಲಿ ಅಂಥದೇ ಮಿಶ್ರರಕ್ತದ ಅವಳಿ ಜೋಡಿಯೊಂದರಲ್ಲಿ ಚರ್ಮವನ್ನು ಅದಲುಬದಲು ಮಾಡಿ ಎರಡೂ ನಿಲ್ಲುವುದನ್ನು ತೋರಿಸಿದರು. ಮರುವರ್ಷದ ಅಕ್ಟೋಬರ್ 30ರಂದು ಬ್ರಿಟನ್ನಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯನ್ನು ಮಾಡಿದವರೂ ಅವರೇ, ಅದೂ 49 ವರ್ಷದ ತದ್ರೂಪಿ ಅವಳಿಗಳ ನಡುವೆ. ಅವಳಿಗಳ ತಳಿವಿಜ್ಞಾನವೂ ಮೂತ್ರಪಿಂಡದ ಕಸಿಯೂ ಒಬ್ಬರೇ ಸಂಶೋಧಕರ ಕೈಯಲ್ಲಿ ಇಷ್ಟು ನಿಕಟವಾಗಿ ಸಂಧಿಸಿದ ಉದಾಹರಣೆಗಳು ವಿರಳ.

ಮರ್ರೆ ಕೂಡ 1959ರಲ್ಲಿ ಸೋದರ ಅವಳಿಗಳತ್ತ ತಿರುಗಿದರು. ವಿಕಿರಣದಿಂದ ರೋಗಿಯ ಪ್ರತಿರೋಧವನ್ನು ಕುಗ್ಗಿಸಿ ಮಾಡಿದ ಆ ಕಸಿ ಫಲಿಸಿ ರೋಗಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬದುಕಿದ. ತಳಿಯಲ್ಲಿ ಭಿನ್ನರಾದ ಇಬ್ಬರ ನಡುವಿನ ತಡೆಗೋಡೆಯನ್ನು ದಾಟಬಹುದೆಂಬುದಕ್ಕೆ ಅದು ಮೊದಲ ಪುರಾವೆಗಳಲ್ಲೊಂದು. ಆದರೆ ವಿಕಿರಣ ಪಡೆದ ಉಳಿದ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಆ ಸಾವುಗಳ ಭಾರವೇ ಔಷಧಗಳ ಕಡೆಗಿನ ಹುಡುಕಾಟವನ್ನು ಅನಿವಾರ್ಯಗೊಳಿಸಿತು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಅಜಥಯೋಪ್ರಿನ್ ಔಷಧವನ್ನು ಬಳಸಿ 1962ರಲ್ಲಿ ಮೃತ ದಾನಿಯ ಮೂತ್ರಪಿಂಡವನ್ನು ಕಸಿ ಮಾಡಿದಾಗ ರೋಗಿ ಒಂದು ವರ್ಷಕ್ಕೂ ಮೀರಿ ಬದುಕಿದ. ಈ ನಡುವೆ ಜ್ಯಾಂ ದೋಸೆ ಅವರ ಶೋಧದಿಂದ ಆರಂಭವಾಗಿ, ಆರನೆಯ ವರ್ಣತಂತುವಿನ ಮೇಲಿರುವ ಎಚ್‌ಎಲ್‌ಎ ಜೀನುಗಳ ಸಮೂಹವೇ ಅಂಗಾಂಶದ ಗುರುತುಪಟ್ಟಿಯೆಂದು ಸ್ಪಷ್ಟವಾಯಿತು. ಪ್ರತಿ ಮಗುವೂ ತಂದೆಯಿಂದ ಒಂದು, ತಾಯಿಯಿಂದ ಒಂದು ಸಮೂಹವನ್ನು ಪಡೆಯುವುದರಿಂದ ಒಡಹುಟ್ಟಿದ ಇಬ್ಬರಲ್ಲಿ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಸ್ವಲ್ಪವೂ ಹೊಂದದಿರುವ ಸಾಧ್ಯತೆಯೂ ಅಷ್ಟೇ. ಸೋದರ ಅವಳಿಗೂ ಲೆಕ್ಕ ಇದೇ. 1990ರಲ್ಲಿ ಮರ್ರೆ ಅವರೊಂದಿಗೆ ನೊಬೆಲ್ ಹಂಚಿಕೊಂಡ ಡೊನಾಲ್ ಥಾಮಸ್ ಅವರ ಆರಂಭದ ಮೂಳೆಮಜ್ಜೆಯ ಕಸಿಗಳು ಸಹ ತದ್ರೂಪಿ ಅವಳಿಗಳ ನಡುವೆ ನಡೆದವು.

ವಿಜ್ಞಾನದ ಈ ಮುನ್ನಡೆಯ ಜೊತೆಗೆ ದಾನಿಯ ಪ್ರಶ್ನೆಯನ್ನು ಇಡಲೇಬೇಕು, ಏಕೆಂದರೆ ಆರೋಗ್ಯವಂತನೊಬ್ಬನಿಗೆ ಅವನ ದೇಹಕ್ಕೆ ಯಾವ ಉಪಯೋಗವೂ ಇಲ್ಲದ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯವೃತ್ತಿಗೆ ಹೊಸತಾಗಿತ್ತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಮನೆಗೆ ಹೊರಟುಹೋಗುವಂತೆ ರಿಚರ್ಡ್ ಚೀಟಿ ಕಳುಹಿಸಿದ್ದರು, ರೊನಾಲ್ಡ್ ಹೋಗಲಿಲ್ಲ. 1957ರಲ್ಲಿ ಹತ್ತೊಂಬತ್ತು ಮತ್ತು ಹದಿನಾಲ್ಕರ ವಯಸ್ಸಿನ ಅವಳಿಗಳು ದಾನಿಗಳಾಗಿ ಬಂದಾಗ ವೈದ್ಯರು ಮ್ಯಾಸಚೂಸೆಟ್ಸ್‌ನ ನ್ಯಾಯಾಲಯದ ಮೊರೆಹೋದರು. ಅವಳಿ ಸತ್ತರೆ ಉಳಿದವರ ಮನಸ್ಸಿಗೆ ಆಗುವ ಆಘಾತ ಗಂಭೀರವಾದದ್ದು, ಆದ್ದರಿಂದ ದಾನ ದಾನಿಗೂ ಹಿತಕರವೆಂಬ ತರ್ಕದ ಮೇಲೆ ನ್ಯಾಯಾಲಯ ಅನುಮತಿಸಿತು. ಆ ತರ್ಕದಲ್ಲಿ ಮಾನವೀಯತೆ ಇದೆ, ಆದರೆ ಹದಿನಾಲ್ಕರ ಮಗು ಮನೆಯವರ ನಿರೀಕ್ಷೆಯ ಎದುರು ಒಲ್ಲೆನೆನ್ನಬಲ್ಲದೇ ಎಂಬುದನ್ನು ಅದು ಬಗೆಹರಿಸುವುದಿಲ್ಲ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಸಂಬಂಧಿಗಳ ದಾನಕ್ಕೆ ಮೊದಲ ಸ್ಥಾನ ಕೊಟ್ಟಿತು, 2014ರ ನಿಯಮಗಳು ಅಪ್ರಾಪ್ತರ ಜೀವಂತ ದಾನವನ್ನು ನಿಷೇಧಿಸಿ, ಅಸಾಧಾರಣ ವೈದ್ಯಕೀಯ ಕಾರಣಗಳಿದ್ದಲ್ಲಿ ಮಾತ್ರ ಸಕ್ಷಮ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರದ ಪೂರ್ವಾನುಮತಿಯೊಡನೆ ಅವಕಾಶವಿತ್ತವು. ಈ ಎಚ್ಚರಿಕೆ ಯುಕ್ತವಾದದ್ದು. ಕರ್ನಾಟಕದ ಕಸಿ ಕೇಂದ್ರಗಳ ಎದುರು ಅವಳಿ ಮಕ್ಕಳ ಪ್ರಕರಣ ಬಂದರೆ ವೈದ್ಯರೂ ಅಧಿಕಾರಿಗಳೂ ಈ ನಿಯಮದ ಅಡಿಯಲ್ಲೇ ತೀರ್ಮಾನಿಸಬೇಕಾಗುತ್ತದೆ.

ಹೀಗಾಗಿ ಸಂಕಿರಣದ ಗೋಷ್ಠಿಗಳು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ. ತದ್ರೂಪಿಗಳಲ್ಲೂ ಭ್ರೂಣದ ಆರಂಭದ ವಿಭಜನೆಗಳಲ್ಲಿ ಹುಟ್ಟುವ ಸಣ್ಣ ಜೀನ್ ವ್ಯತ್ಯಾಸಗಳಿರುತ್ತವೆಂದು ಈಗ ತಿಳಿದಿರುವಾಗ, ಅವಳಿಯಿಂದ ಕಸಿ ಪಡೆದವರಿಗೆ ಪ್ರತಿರೋಧ ಕುಗ್ಗಿಸುವ ಔಷಧವನ್ನು ಪೂರ್ತಿ ಬಿಡಬಹುದೇ, ಬಿಟ್ಟರೆ ಮೂಲ ಕಾಯಿಲೆ ಮರುಕಳಿಸುವುದನ್ನು ಹೇಗೆ ಗಮನಿಸಬೇಕು ಎಂಬುದು ಒಂದು. ಓವನ್ನರ ಕರುಗಳಲ್ಲಿ ಕಂಡ ಕೈಮೆರಿಸಂ ಅನ್ನು ದಾನಿಯ ಮೂಳೆಮಜ್ಜೆಯನ್ನೂ ಮೂತ್ರಪಿಂಡವನ್ನೂ ಒಟ್ಟಿಗೆ ಕೊಟ್ಟು ವಯಸ್ಕರಲ್ಲಿ ಉಂಟುಮಾಡುವ ಪ್ರಯತ್ನಗಳು ಬಾಸ್ಟನ್ ಮೊದಲಾದೆಡೆ ಕೆಲವು ರೋಗಿಗಳನ್ನು ಔಷಧಗಳಿಂದ ಬಿಡಿಸಿವೆ. ಜೀವನಪೂರ್ತಿ ಮಾತ್ರೆಗಳ ವೆಚ್ಚವನ್ನು ಹೊರಲಾಗದ ಕುಟುಂಬಗಳೇ ಹೆಚ್ಚಿರುವ ದೇಶದಲ್ಲಿ ಈ ವಿಧಾನದ ಅಪಾಯ ಮತ್ತು ಲಾಭಗಳನ್ನು ಹೇಗೆ ತೂಗಬೇಕು ಎಂಬುದು ಇನ್ನೊಂದು. ಇವುಗಳ ಜೊತೆಗೆ, ಒಂದೇ ಮೂತ್ರಪಿಂಡದೊಡನೆ ಐವತ್ತಾರು ವರ್ಷ ಬದುಕಿ 2010ರಲ್ಲಿ ತೀರಿಕೊಂಡ ರೊನಾಲ್ಡ್ ಹೆರಿಕ್ ಅವರಂಥ ದಾನಿಗಳ ರಕ್ತದೊತ್ತಡ, ಮೂತ್ರದ ಪ್ರೊಟೀನ್, ಉದ್ಯೋಗ, ವಿಮೆ ಇವನ್ನೆಲ್ಲ ದಾನದ ನಂತರವೂ ವರ್ಷವರ್ಷ ದಾಖಲಿಸುವ ರಾಜ್ಯಮಟ್ಟದ ಪಟ್ಟಿಯೊಂದರ ಕರಡನ್ನು ಈ ಸಂಕಿರಣವೇ ಸಿದ್ಧಪಡಿಸುವುದಾದರೆ, ಅದಕ್ಕೆ ಬೇಕಾದ ವೈದ್ಯರೂ ಸಮಾಜ ಕಾರ್ಯಕರ್ತರೂ ಕಾನೂನು ತಜ್ಞರೂ ಈ ಸಭೆಯಲ್ಲೇ ಇದ್ದಾರೆ.