ಕಂಪ್ಯೂಟರಿನಲ್ಲಿ ನಿಮ್ಮ ಹೊಲ



ಕೇಂದ್ರ ಸರ್ಕಾರ 2015ರ ಜುಲೈ 1ರಂದು ಡಿಜಿಟಲ್ ಇಂಡಿಯಾ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. 2024ರ ಸೆಪ್ಟೆಂಬರಿನಲ್ಲಿ ಬೇಸಾಯಕ್ಕೆಂದೇ 2,817 ಕೋಟಿ ರೂಪಾಯಿಯ ಡಿಜಿಟಲ್ ಯೋಜನೆಗೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. "ಅದೆಲ್ಲಾ ದಿಲ್ಲಿಯ ಮಾತು. ಕಂಪ್ಲಿಯ ಗದ್ದೆಗೂ ಸಂಡೂರಿನ ಜೋಳದ ಹೊಲಕ್ಕೂ ಅದರಿಂದೇನು?" ಅಂತ ತಾವು ಕೇಳಬಹುದು. ಆ ಯೋಜನೆ ಮುಖ್ಯವಾಗಿ ಕೇಳುವುದು ಮೂರೇ ಪ್ರಶ್ನೆ: ರೈತ ಯಾರು, ಹೊಲ ಎಲ್ಲಿದೆ, ಈ ಹಂಗಾಮಿನಲ್ಲಿ ಅಲ್ಲಿ ಏನು ಬೆಳೆದಿದೆ. ಮೂರಕ್ಕೂ ಉತ್ತರ ನಿಮ್ಮ ಮನೆಯಲ್ಲೇ ಇದೆ.

ಹಂಪಿಯ ಅರಸರ ಕಾಲದಲ್ಲಿ ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಆಮೇಲೆ ಶಾನುಭೋಗರ ಕಡತ ಬಂತು. ಪಹಣಿ ಬೇಕಾದರೆ ಅವರು ಊರಿಗೆ ಬರುವ ತನಕ ಕಾಯಬೇಕು. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಒಳ್ಳೆಯ ಕೆಲಸವೇ. ಆದರೆ ಕಂಪ್ಯೂಟರು ಕಡತದಲ್ಲಿದ್ದುದನ್ನೇ ಹೇಳುತ್ತದೆ. ತೀರಿಹೋದ ತಾತನ ಹೆಸರಿದ್ದರೆ ಅದು ತಾತನ ಹೆಸರನ್ನೇ ಹೇಳೀತು!

ತೊಡಕು ಇಲ್ಲಿಯೇ. ಈಗ ಪಹಣಿ, ಆಧಾರ್ ಮತ್ತು ಬ್ಯಾಂಕಿನ ಪಾಸ್‌ಬುಕ್ಕನ್ನು ಒಟ್ಟು ಸೇರಿಸಿ 'ಫ್ರೂಟ್ಸ್' ಗುರುತಿನ ಸಂಖ್ಯೆ ಕೊಡುತ್ತಾರೆ. 2023ರ ಬರಗಾಲದಲ್ಲಿ ಮೊದಲ ಕಂತಿನ ಪರಿಹಾರ, ಒಬ್ಬರಿಗೆ 2,000 ರೂಪಾಯಿವರೆಗೆ, ಈ ಲೆಕ್ಕ ನೋಡಿಯೇ ನೇರವಾಗಿ ಖಾತೆಗೆ ಜಮೆಯಾಯಿತು. ಬೆಂಬಲ ಬೆಲೆಗೆ ಮಾಲು ಕೊಡಬೇಕೆಂದರೂ ಈ ಸಂಖ್ಯೆ ಬೇಕು. ಹಿರಿಯರು ತೀರಿಕೊಂಡಿದ್ದು ಖಾತೆ ಬದಲಾಗಿರದಿದ್ದರೆ ಮರಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ಮನಸ್ತಾಪ ಆಮೇಲೆ ಬಗೆಹರಿದೀತು ಎಂದು ಕೂತರೆ ಒಂದೊಂದು ಬರಗಾಲದ ದುಡ್ಡೂ ಕೈತಪ್ಪುತ್ತದೆ. ಗಂಡನನ್ನು ಕಳೆದುಕೊಂಡ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ವಾರಸುದಾರರಲ್ಲಿ ನಿಮ್ಮ ಹೆಸರೂ ಬರಲೇಬೇಕು. ಮಕ್ಕಳ ಹೆಸರು ಸಾಕು ಅಂತ ಯಾರು ಹೇಳಿದರೂ ಕೇಳಬೇಡಿ.

ಇನ್ನು ಬೆಳೆ ಸಮೀಕ್ಷೆ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಫೋಟೋ ತೆಗೆದು ಸೇರಿಸಲು ಅವಕಾಶವಿದೆ. ನೀವು ಮಾಡದಿದ್ದರೆ ನೇಮಿಸಿದ ಊರಿನ ಹುಡುಗ ಬಂದು ಮಾಡುತ್ತಾನೆ. ಅವನು ಬದುವಿನ ಮೇಲೆ ನಿಂತು ಪಕ್ಕದ ಹೊಲವನ್ನು ಹಿಡಿದರೆ, ಹೊಸಪೇಟೆಯ ಬಾಳೆ ದಾಖಲೆಯಲ್ಲಿ ಕಬ್ಬಾದೀತು. ವಿಮೆ ಒಂದು ಬೆಳೆಗೆ, ದಾಖಲೆ ಇನ್ನೊಂದಕ್ಕೆ ಆದರೆ ಹಣ ನಿಲ್ಲುತ್ತದೆ. 'ಬೆಳೆ ದರ್ಶಕ್' ಎಂಬ ಆ್ಯಪಿನಲ್ಲಿ ಸರ್ವೆ ನಂಬರು ಹಾಕಿ ನೋಡಿ. ತಪ್ಪಿದ್ದರೆ ಆಕ್ಷೇಪಣೆ ಅಲ್ಲೇ ಸಲ್ಲಿಸಬಹುದು. ಫೋನು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಎರಡು ನಿಮಿಷದಲ್ಲಿ ಮಾಡಿಕೊಟ್ಟಾಳು.

ಗುತ್ತಿಗೆಗೆ ಉಳುವವರ ಪಾಡು ಬೇರೆ. ಕಾಲುವೆಯ ಕೆಳಗೆ ಬಾಯಿಮಾತಿನ ಗುತ್ತಿಗೆ ಎಷ್ಟಿದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1974ರಿಂದ ನಮ್ಮಲ್ಲಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ತಡೆಯಿದೆ. ಆದ್ದರಿಂದ ಕರಾರು ಕಾಗದಕ್ಕೆ ಇಳಿಯುವುದಿಲ್ಲ. ಗೊಬ್ಬರ ಹಾಕಿದವನು ಒಬ್ಬ, ಪರಿಹಾರ ಬರುವುದು ಇನ್ನೊಬ್ಬನ ಖಾತೆಗೆ. ಯೋಜನೆ ಬರೆದವರು ಈ ಗಂಟನ್ನು ಬಿಚ್ಚಿಲ್ಲವೆಂದೇ ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ನಷ್ಟವಾದರೆ ಪರಿಹಾರ ಯಾರಿಗೆ ಸೇರಬೇಕು ಎಂಬುದನ್ನು ನಾಟಿಗೆ ಮುಂಚೆಯೇ ನಾಲ್ಕು ಜನರೆದುರು ಮಾಲೀಕರೊಡನೆ ಮಾತಾಡಿಕೊಳ್ಳಿ.

ಕಡೆಯದಾಗಿ, ಹಣ ಮಂಜೂರಾಗಿದೆ, ಓಟಿಪಿ ಹೇಳಿ ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ದುಡ್ಡು ಹೋದದ್ದು ತಿಳಿದ ತಕ್ಷಣ 1930ಕ್ಕೆ ದೂರು ಕೊಡಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ. ಫ್ರೂಟ್ಸ್ ನೋಂದಣಿಗೆ ಆಧಾರ್, ಪಹಣಿ, ಪಾಸ್‌ಬುಕ್ ತೆಗೆದುಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ.