ಹೇಳಿಕೊಳ್ಳುವ ಧೈರ್ಯ, ಒಲ್ಲೆನೆನ್ನುವ ಪ್ರಾಮಾಣಿಕತೆ
(ತೈವಾನಿನ ಮೂರು ಹದಿಹರೆಯದ ಚಿತ್ರಗಳನ್ನು ಕುರಿತ ದತ್ತಿ ಉಪನ್ಯಾಸ)



ಸಿನಿಮಾವನ್ನು ಸಾಹಿತ್ಯದಷ್ಟೇ ಗಂಭೀರವಾಗಿ ಚರ್ಚಿಸಬೇಕೆಂಬ ಆಶಯದಿಂದ ಇಟ್ಟ ದತ್ತಿ ಇದು. ಹದಿಹರೆಯದ ಗೆಳೆತನದೊಳಗೇ ಹುಟ್ಟಿ, ಆಚೆ ಕಡೆಯಿಂದ ಮರಳಿ ಸಿಗದೆ ಉಳಿಯುವ ಸಲಿಂಗ ಪ್ರೇಮ ಇಂದಿನ ನನ್ನ ವಿಷಯ. ತೈವಾನಿನ ಮೂರು ಚಿತ್ರಗಳ ಮೂಲಕ ಇದನ್ನು ನೋಡಬೇಕೆಂದಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಪ್ರೀತಿಸಿದವರು ನಮ್ಮನ್ನು ಪ್ರೀತಿಸದಿರುವುದು ಒಂದು ನೋವು. ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳಲಾಗದಿರುವುದು ಇನ್ನೊಂದು ನೋವು. ಮೊದಲನೆಯದಕ್ಕೆ ಯಾರನ್ನೂ ದೂರುವಂತಿಲ್ಲ. ಎರಡನೆಯದನ್ನು ಮನೆ, ಶಾಲೆ, ಊರು ಎಲ್ಲ ಸೇರಿ ಮಕ್ಕಳ ಮೇಲೆ ಹೇರಿರುತ್ತವೆ. ಒಳ್ಳೆಯ ಸಿನಿಮಾ ಈ ಎರಡನ್ನೂ ಬಿಡಿಸಿ ತೋರಿಸುತ್ತದೆ.

1

ಯೀ ಚಿಹ್-ಯೆನ್ ನಿರ್ದೇಶಿಸಿದ ‘ಬ್ಲೂ ಗೇಟ್ ಕ್ರಾಸಿಂಗ್’ ತೆರೆಗೆ ಬಂದದ್ದು 2002ರಲ್ಲಿ. ಆ ವರ್ಷದ ಕಾನ್ ಚಿತ್ರೋತ್ಸವದ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ವಿಭಾಗದಲ್ಲಿ ಅದು ಪ್ರದರ್ಶನ ಕಂಡಿತು. ಮುಂದೆ ಹೆಸರಾಂತ ನಟಿಯಾದ ಗ್ವೇ ಲುನ್-ಮೇಗೆ ಅದೇ ಮೊದಲ ಚಿತ್ರ. ಕಥೆ ನಡೆಯುವುದು ತೈಪೆ ನಗರದ ಒಂದು ಬೇಸಿಗೆಯಲ್ಲಿ.

ಇಬ್ಬರು ಶಾಲಾ ಹುಡುಗಿಯರು ಕಣ್ಣು ಮುಚ್ಚಿ ತಮ್ಮ ಮುಂದಿನ ಬದುಕನ್ನು ಕಾಣಲು ಯತ್ನಿಸುತ್ತಾರೆ. ಯುಯೇಜೆನ್‌ಗೆ ಎಲ್ಲವೂ ಕಾಣಿಸುತ್ತದೆ. ಕೆರೌಗೆ ಏನೂ ಕಾಣಿಸುವುದಿಲ್ಲ. ಕೆರೌ ಪ್ರೀತಿಸುತ್ತಿರುವುದು ಪಕ್ಕದಲ್ಲಿ ಕುಳಿತ ಈ ಗೆಳತಿಯನ್ನೇ. ಗೆಳತಿಯ ಮನಸ್ಸಿರುವುದು ಈಜು ತಂಡದ ಹುಡುಗ ಶಿಹಾವ್ ಮೇಲೆ. ಅವನೊಡನೆ ಮಾತಾಡುವ ಧೈರ್ಯ ಅವಳಿಗಿಲ್ಲ, ಹಾಗಾಗಿ ಕೆರೌಳನ್ನು ಮುಂದೆ ಕಳಿಸುತ್ತಾಳೆ. ರಾತ್ರಿಯ ಈಜುಕೊಳದ ಬಳಿ ಕೆರೌ ಅವನನ್ನು ಕರೆದು ತಿರುಗಿ ನೋಡಿದರೆ ಗೆಳತಿ ಅಡಗಿಕೊಂಡಿರುತ್ತಾಳೆ. ಗೆಳತಿಯ ಕತೆಯೆಲ್ಲ ನೆಪ, ಈ ಹುಡುಗಿ ಬಂದಿರುವುದು ತನಗಾಗಿಯೇ ಎಂದು ಶಿಹಾವ್ ತಿಳಿಯುತ್ತಾನೆ, ಅವಳನ್ನೇ ಮೆಚ್ಚುತ್ತಾನೆ. ಯುಯೇಜೆನ್ ಅವನಿಗೆ ಪತ್ರವನ್ನೂ ಬರೆಯುತ್ತಾಳೆ, ಕೆಳಗೆ ಕೆರೌ ಹೆಸರು ಹಾಕಿ.

ಈ ತ್ರಿಕೋನದಲ್ಲಿ ಮೂವರೂ ಪ್ರೀತಿಸುತ್ತಾರೆ, ಮೂವರಲ್ಲಿ ಯಾರಿಗೂ ಪ್ರೀತಿ ಮರಳಿ ಸಿಗುವುದಿಲ್ಲ. ಹುಡುಗನ ಮೇಲೆ ಹುಡುಗಿಗಿರುವ ಪ್ರೀತಿ, ಹುಡುಗಿಯ ಮೇಲೆ ಹುಡುಗನಿಗಿರುವ ಪ್ರೀತಿ, ಹುಡುಗಿಯ ಮೇಲೆ ಹುಡುಗಿಗಿರುವ ಪ್ರೀತಿ, ಮೂರನ್ನೂ ನಿರ್ದೇಶಕರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಆದರೆ ಹೇಳಿಕೊಳ್ಳಲು ಹೆದರಬೇಕಾಗಿರುವವಳು ಕೆರೌ ಒಬ್ಬಳೇ. ತಾನು ಹೆಣ್ಣು, ತನಗೆ ಗಂಡುಮಕ್ಕಳ ಮೇಲೆ ಪ್ರೀತಿ ಎಂದು ಅವಳು ಶಾಲೆಯ ಗೋಡೆಯ ಮೇಲೆ ಮತ್ತೆ ಮತ್ತೆ ಬರೆಯುವುದು ಈ ಹೆದರಿಕೆಯಿಂದ. ಉಳಿದಿಬ್ಬರಿಗೆ ಇಂಥ ಪ್ರಮಾಣಪತ್ರವನ್ನು ತಮಗೆ ತಾವೇ ಬರೆದುಕೊಳ್ಳುವ ಅಗತ್ಯ ಬೀಳಲಿಲ್ಲ.

ಕಡೆಗೆ ಅವಳು ಗುಟ್ಟನ್ನು ಬಿಚ್ಚಿಡುವುದು ಶಿಹಾವ್ ಎದುರು. ಅವನೊಳಗೂ ಆಸೆಯಿದೆ, ಅವನಿಗೂ ನೋವಾಗುತ್ತದೆ. ಆದರೂ ಅವಳನ್ನು ಗೇಲಿ ಮಾಡುವುದಿಲ್ಲ, ಶಾಲೆಗೆಲ್ಲ ಸಾರುವುದಿಲ್ಲ, ಸೇಡು ತೀರಿಸಿಕೊಳ್ಳುವುದಿಲ್ಲ. ಎಂದಾದರೂ ಹುಡುಗರು ಇಷ್ಟವಾಗತೊಡಗಿದರೆ ಮೊದಲು ತನಗೇ ತಿಳಿಸಬೇಕು ಎಂದಷ್ಟೇ ಕೇಳಿಕೊಳ್ಳುತ್ತಾನೆ. ಕೆರೌ ಮುತ್ತಿಟ್ಟ ಮೇಲೆ ಯುಯೇಜೆನ್ ದೂರ ಸರಿಯುತ್ತಾಳೆ. ಆ ಒಲವು ಕೈಗೂಡಲಿಲ್ಲ. ಹಾಗಿದ್ದರೂ ಚಿತ್ರದ ಕೊನೆಯಲ್ಲಿ ಅಕ್ಕಪಕ್ಕ ಸೈಕಲ್ ತುಳಿಯುವ ಕೆರೌ ಮತ್ತು ಶಿಹಾವ್ ಮುಖದಲ್ಲಿ ಸೋಲಿನ ಛಾಯೆಯಿಲ್ಲ. ಅವಳು ಹೇಳಿಕೊಂಡಿದ್ದಾಳೆ, ಒಬ್ಬ ಕೇಳಿಸಿಕೊಂಡಿದ್ದಾನೆ. ಆ ವಯಸ್ಸಿನಲ್ಲಿ ಬದುಕುಳಿಯಲು ಬೇಕಾದದ್ದು ಅಷ್ಟು.

2

ಎರಡನೆಯ ಚಿತ್ರ ಇದಕ್ಕೆ ತದ್ವಿರುದ್ಧ. ಲಿಯು ಕುವಾಂಗ್-ಹುಯಿ ನಿರ್ದೇಶನದ ‘ಯುವರ್ ನೇಮ್ ಎನ್‌ಗ್ರೇವ್ಡ್ ಹಿಯರಿನ್’ 2020ರದು, ಕಥೆಯ ಕಾಲ 1987. ಆ ವರ್ಷದ ಜುಲೈನಲ್ಲಿ ತೈವಾನಿನಲ್ಲಿ 38 ವರ್ಷಗಳ ಸೇನಾ ಕಾನೂನು ರದ್ದಾಯಿತು. ಒಂದು ಕ್ಯಾಥೊಲಿಕ್ ಗಂಡುಮಕ್ಕಳ ಶಾಲೆ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿದೆ. ಕಾನೂನು ಸಡಿಲವಾದರೂ ಹಾಸ್ಟೆಲಿನ ಶಿಸ್ತು ಸಡಿಲವಾಗಿಲ್ಲ. ಹುಡುಗರಂತಿಲ್ಲ ಎಂಬ ಕಾರಣಕ್ಕೆ ಒಬ್ಬನನ್ನು ಸಹಪಾಠಿಗಳು ಹೊಡೆಯುತ್ತಾರೆ. ಇಂಥಲ್ಲಿ ಆ-ಹಾನ್ ಮತ್ತು ಬರ್ಡಿ ಗೆಳೆಯರಾಗುತ್ತಾರೆ.

ಆ-ಹಾನ್‌ಗೆ ತನ್ನ ಪ್ರೀತಿ ಅರ್ಥವಾಗುವ ಹೊತ್ತಿಗೆ ಬರ್ಡಿ ಹುಡುಗಿಯೊಬ್ಬಳ ಜೊತೆ ಓಡಾಡತೊಡಗುತ್ತಾನೆ, ಗೆಳೆಯನನ್ನು ಬೇಕೆಂದೇ ದೂರ ತಳ್ಳುತ್ತಾನೆ. ಆ-ಹಾನ್ ಕೆನಡಾದ ಕ್ವಿಬೆಕ್‌ನಿಂದ ಬಂದ ಪಾದ್ರಿಯ ಮುಂದೆ ಕುಳಿತು ಒಡಲುರಿಯನ್ನು ತೋಡಿಕೊಳ್ಳುತ್ತಾನೆ. ಫೋನಿನಲ್ಲಿ ಗೆಳೆಯನಿಗೆ ಹಾಡೊಂದನ್ನು ಕೇಳಿಸುತ್ತಾನೆ, ಆಚೆ ತುದಿಯಲ್ಲಿ ಬರ್ಡಿ ಮಾತಿಲ್ಲದೆ ಅಳುತ್ತಾನೆ. ಬರ್ಡಿಯೂ ಅವನನ್ನು ಪ್ರೀತಿಸಿದ್ದ ಎಂಬುದು ಬಾಯಿಂದ ಹೊರಬರುವುದು ಎಷ್ಟೋ ವರ್ಷಗಳ ನಂತರ, ಇಬ್ಬರೂ ನಡುವಯಸ್ಸು ದಾಟಿ ದೂರದ ಮಾಂಟ್ರಿಯಲ್‌ನಲ್ಲಿ ಎದುರಾದಾಗ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ಚಿತ್ರದಲ್ಲಿ ಒಪ್ಪಿಗೆ ಸಿಗಲಿಲ್ಲ, ಆದರೆ ಮಾತಾಡಲು ಸಾಧ್ಯವಾಯಿತು; ಒಂದು ಬೇಸಿಗೆಯಲ್ಲಿ ಮಕ್ಕಳು ಚೇತರಿಸಿಕೊಂಡರು. ಎರಡನೆಯದರಲ್ಲಿ ಒಪ್ಪಿಗೆಯಿತ್ತು, ಮಾತಿಗೆ ಜಾಗವಿರಲಿಲ್ಲ. ಅರ್ಧ ಆಯುಷ್ಯ ಕಳೆದುಹೋಯಿತು. ಭಯದಿಂದ ಬಚ್ಚಿಟ್ಟ ಒಪ್ಪಿಗೆ ಪ್ರಾಮಾಣಿಕವಾದ ನಿರಾಕರಣೆಗಿಂತ ಕ್ರೂರ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನನಗೆ ಗೊತ್ತಿಲ್ಲ.

3

ಇಲ್ಲಿಯವರೆಗೆ ನೋಡಿದ್ದು ಪ್ರೀತಿಸುವವರ ಕಷ್ಟ. ಇನ್ನೊಬ್ಬರ ಪ್ರೀತಿಗೆ ಪಾತ್ರನಾದವನ ಕಷ್ಟವೇನು? 2006ರ ‘ಇಟರ್ನಲ್ ಸಮ್ಮರ್’ ಕೇಳುವ ಪ್ರಶ್ನೆ ಇದು. ನಿರ್ದೇಶಕ ಲೆಸ್ಟೆ ಚೆನ್. ಕರಾವಳಿಯ ಒಂದು ಶಾಲೆಯಲ್ಲಿ, ಯಾರೂ ಹತ್ತಿರ ಸೇರಿಸದ ತುಂಟ ಹುಡುಗನ ಜೊತೆಗಿರಲು ಅಧ್ಯಾಪಕಿ ಜಾಣ ವಿದ್ಯಾರ್ಥಿಯೊಬ್ಬನಿಗೆ ಹೇಳುತ್ತಾರೆ. ಹಾಗೆ ಒತ್ತಾಯಕ್ಕೆ ಶುರುವಾದ ಗೆಳೆತನ ವರ್ಷಗಳು ಕಳೆದಂತೆ ಜಾಣ ಹುಡುಗನ ಕಡೆಯಿಂದ ಪ್ರೇಮವಾಗುತ್ತದೆ. ಇನ್ನೊಬ್ಬನಿಗೆ ಲೋಕದಲ್ಲಿ ಇರುವ ಒಬ್ಬನೇ ಗೆಳೆಯ ಇವನು. ಕಳೆದುಕೊಂಡೇನೆಂಬ ಭಯಕ್ಕೆ ಅವನು ತನ್ನೊಳಗೆ ಇಲ್ಲದ್ದನ್ನೂ ಕೊಡಲು ಮುಂದಾಗುತ್ತಾನೆ. ಅದರಿಂದ ಇಬ್ಬರಿಗೂ ಗಾಯವಾಗುತ್ತದೆ. ಒಲ್ಲೆನೆಂದರೂ ಗೆಳೆತನ ಉಳಿಯುತ್ತದೆ ಎಂಬ ನಂಬಿಕೆಯನ್ನು ಆ ಹುಡುಗನಿಗೆ ಯಾರೂ ಕೊಟ್ಟಿರಲಿಲ್ಲ.

4

ಈ ಚಿತ್ರಗಳು ಶೂನ್ಯದಿಂದ ಬಂದವಲ್ಲ. 2000ನೇ ಇಸವಿಯಲ್ಲಿ ದಕ್ಷಿಣ ತೈವಾನಿನ ಪಿಂಗ್‌ಟುಂಗ್‌ನಲ್ಲಿ, ಹೆಣ್ಣಿನ ಹಾಗಿದ್ದಾನೆಂದು ಶಾಲೆಯಲ್ಲಿ ಕಿರುಕುಳ ಅನುಭವಿಸುತ್ತಿದ್ದ ಬಾಲಕನೊಬ್ಬ ಶೌಚಾಲಯದಲ್ಲಿ ಗಾಯಗೊಂಡು ಬಿದ್ದಿದ್ದ, ಬದುಕುಳಿಯಲಿಲ್ಲ. ಆ ಸಾವು ದೇಶದ ಮನಸ್ಸನ್ನು ಕಲಕಿತು. 2004ರಲ್ಲಿ ಶಿಕ್ಷಣದಲ್ಲಿ ಲಿಂಗ ಸಮಾನತೆಯ ಕಾಯ್ದೆ ಬಂತು. 2020ರ ಚಿತ್ರದಲ್ಲಿ ಹುಡುಗರಿಬ್ಬರೂ ತೈಪೆಯ ಬೀದಿಯಲ್ಲಿ ಒಬ್ಬಂಟಿ ಪ್ರತಿಭಟನಕಾರನನ್ನು ಪೊಲೀಸರು ಎಳೆದೊಯ್ಯುವುದನ್ನು ನೋಡುತ್ತಾರೆ. ಅದು ಚಿ ಚಿಯಾ-ವೇ ಎಂಬ ಹೋರಾಟಗಾರನ ಪಾತ್ರ. ಆತ 1986ರಲ್ಲೇ ತಾನು ಸಲಿಂಗಿಯೆಂದು ಬಹಿರಂಗವಾಗಿ ಸಾರಿದವನು. ಅವನೂ ಅರ್ಜಿದಾರನಾಗಿದ್ದ ಪ್ರಕರಣದಲ್ಲೇ 2017ರ ಮೇ 24ರಂದು ಸಾಂವಿಧಾನಿಕ ನ್ಯಾಯಾಲಯ ಸಲಿಂಗ ವಿವಾಹದ ಪರ ತೀರ್ಪಿತ್ತಿತು. ಎರಡು ವರ್ಷಕ್ಕೆ ಸರಿಯಾಗಿ ತೈವಾನ್ ಅಂಥ ವಿವಾಹಕ್ಕೆ ಮಾನ್ಯತೆ ಕೊಟ್ಟ ಏಷ್ಯಾದ ಮೊದಲ ನಾಡಾಯಿತು.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅದಕ್ಕೂ ಐದು ವರ್ಷ ಮೊದಲೇ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳ ಮೂಲಕ ಕನ್ನಡ ಓದುಗ ಈ ನೋವನ್ನು ತನ್ನದೇ ಭಾಷೆಯಲ್ಲಿ ಕೇಳಿಸಿಕೊಂಡಿದ್ದ. ಕಾನೂನು ಬಂದಿದೆ, ಸಾಹಿತ್ಯ ಬಂದಿದೆ. ನಮ್ಮ ತರಗತಿಗಳಲ್ಲಿ ಇನ್ನೂ ಆಗಬೇಕಾದ ಕೆಲಸವಿದೆ.

ಅಧ್ಯಾಪಕರಲ್ಲಿ ನನ್ನ ವಿನಂತಿ: ಸಿನಿಮಾ ಕ್ಲಬ್ ಇದ್ದರೆ ‘ಬ್ಲೂ ಗೇಟ್ ಕ್ರಾಸಿಂಗ್’ ತೋರಿಸಿ, ಆಮೇಲೆ ಮಕ್ಕಳನ್ನು ಮಾತಾಡಲು ಬಿಡಿ. ತರಗತಿಯಲ್ಲಿ ಒಬ್ಬನ ನಡಿಗೆಯನ್ನೋ ದನಿಯನ್ನೋ ಅಣಕಿಸಿದಾಗ ನಗಬೇಡಿ, ಅಲ್ಲೇ ತಡೆಯಿರಿ. ವಿದ್ಯಾರ್ಥಿಗಳಿಗೆ ಒಂದು ಮಾತು: ನಿಮ್ಮ ಗೆಳೆಯನೋ ಗೆಳತಿಯೋ ಇಂಥ ಗುಟ್ಟನ್ನು ನಿಮ್ಮೆದುರು ಹೇಳಿಕೊಂಡರೆ, ನಿಮ್ಮೊಳಗೆ ಪ್ರೀತಿ ಇಲ್ಲದಿದ್ದರೆ ಇಲ್ಲವೆಂದು ಮೆಲ್ಲಗೆ ಹೇಳಿ, ಅದು ನಿಮ್ಮ ಹಕ್ಕು. ಗುಟ್ಟನ್ನು ಕಾಪಾಡಿ, ಅದು ನಿಮ್ಮ ಹೊಣೆ. ಮಾರನೆಯ ದಿನವೂ ಎಂದಿನಂತೆ ಅವರ ಪಕ್ಕದಲ್ಲೇ ಕುಳಿತು ಊಟ ಮಾಡಿ. ಹದಿನೇಳರ ಶಿಹಾವ್‌ಗೆ ಸಾಧ್ಯವಾದದ್ದು ನಿಮಗೂ ಸಾಧ್ಯ.